ಶಾಲು ಮತ್ತು ಮೆಟ್ಟಿಲು: ಗಾಲಿಕುರ್ಚಿ ಬಳಸುವ ಮಹಿಳೆಯರಿಗೆ ನಾವು ಸಲ್ಲಿಸುವ ಗೌರವದ ವಿಮರ್ಶೆ

ಡಿಸೆಂಬರ್ 3ನ್ನು ಅಂಗವಿಕಲರ ಅಂತರರಾಷ್ಟ್ರೀಯ ದಿನವೆಂದು ವಿಶ್ವಸಂಸ್ಥೆಯ ಮಹಾಸಭೆ 1992ರಲ್ಲಿ ಗೊತ್ತುಪಡಿಸಿತು. ಈಚಿನ ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳೂ ಈ ದಿನವನ್ನು ಆಚರಿಸತೊಡಗಿವೆ. ಮಾರ್ಚ್ 8ರ ಮಹಿಳಾ ದಿನದಂತೆ ಇದಕ್ಕೂ ಒಂದು ಸಿದ್ಧ ವಿಧಿಕ್ರಮ ಏರ್ಪಟ್ಟಿದೆ: ಬಲಿಪೂಜೆಯ ಬಳಿಕ ವೇದಿಕೆ, ಸ್ವಾಗತಗೀತೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ, ವಂದನಾರ್ಪಣೆ. ಇದನ್ನು ಯಾರೂ ದೈವಶಾಸ್ತ್ರದ ವಿಷಯವೆಂದು ಎಣಿಸುವುದಿಲ್ಲ. ಆದರೆ ಯಾರನ್ನು, ಯಾವ ಕಾರಣಕ್ಕಾಗಿ, ಯಾವ ಮಾತುಗಳಿಂದ ಗೌರವಿಸುತ್ತೇವೆ ಎಂಬುದರಲ್ಲಿ ನಮ್ಮ ಮಾನವದರ್ಶನವೂ ಧರ್ಮಸಭೆಯ ಕುರಿತ ನಮ್ಮ ತಿಳಿವಳಿಕೆಯೂ ಬಯಲಾಗುತ್ತವೆ. ಆದುದರಿಂದ ಈ ವಿಧಿಕ್ರಮವನ್ನು ಒಂದು ಪಠ್ಯದಂತೆ ಓದಲು ಇಲ್ಲಿ ಯತ್ನಿಸುತ್ತೇವೆ. ಓದಲಿರುವ ಪಠ್ಯದ ಒಂದು ಭಾಗವನ್ನು ಬರೆದವರು ನಾವೇ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳಿತು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ದಂಡು ಪ್ರದೇಶದ ಧರ್ಮಕೇಂದ್ರವೊಂದರಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ಮಹಿಳೆಯನ್ನು ಸನ್ಮಾನಿಸಲಾಯಿತು. ಕೃಷ್ಣರಾಜಪುರದ ಕಡೆಯವರಾದ ಅವರು, ತಮ್ಮಂತೆಯೇ ಇರುವ ಹೆಂಗಸರಿಗೆ ಗುರುತಿನ ಚೀಟಿ, ಮಾಸಾಶನದ ಅರ್ಜಿಗಳನ್ನು ಬರೆದುಕೊಟ್ಟು, ಕಚೇರಿಗಳಿಗೆ ಜೊತೆಯಲ್ಲಿ ಹೋಗಿ ವಾದಿಸುವವರು. ಸಭಾಂಗಣದ ವೇದಿಕೆಗೆ ಐದು ಮೆಟ್ಟಿಲುಗಳಿದ್ದವು. ನಾಲ್ವರು ಯುವಕರು ಕುರ್ಚಿ ಸಮೇತ ಅವರನ್ನು ಎತ್ತಿ ಮೇಲಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಎತ್ತುವಾಗ ಅವರು ಎರಡೂ ಕೈಗಳಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದುದನ್ನು ನಾವು ಕಂಡೆವು, ಪ್ರಾರ್ಥಿಸುತ್ತಿದ್ದಾರೆಂದು ಭಾವಿಸಿದೆವು. ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕೊಡಹೋದಾಗ ಬೇಡವೆಂದರು. ಒತ್ತಾಯಿಸಿದೆವು. ಆಗ ಅವರು, "ಫಾದರ್, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ಇಲ್ಲಿ ನನ್ನ ಕುರ್ಚಿ ಹೋಗುವಂಥ ಶೌಚಾಲಯ ಇಲ್ಲ ಅಂತ ಮೊದಲೇ ವಿಚಾರಿಸಿಕೊಂಡಿದ್ದೆ" ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಬಸ್ಸಿನ ವೇಳೆಯನ್ನು ತಿಳಿಸುವವರಂತೆ ಹೇಳಿದರು.

ಅಂದು ಓದಿದ ಸನ್ಮಾನಪತ್ರದ ಪ್ರತಿ ನಮ್ಮ ಬಳಿ ಇದೆ. 'ಅಂಗವೈಕಲ್ಯವನ್ನು ಮೆಟ್ಟಿ ನಿಂತ ಛಲಗಾತಿ', 'ಮುಗುಳುನಗೆಯಿಂದ ಶಿಲುಬೆ ಹೊತ್ತವರು', 'ತಮ್ಮ ಕಾಲ ಮೇಲೆ ತಾವು ನಿಂತು ಎಲ್ಲರಿಗೂ ಸ್ಫೂರ್ತಿಯಾದವರು'. ಸ್ವಾವಲಂಬನೆಗೆ ಕನ್ನಡದಲ್ಲಿ ಬಳಕೆಯಲ್ಲಿರುವ ನುಡಿಗಟ್ಟೇ ಕಾಲಿನದು. ಗೆಲುವಿಗೆ 'ಮೆಟ್ಟು', ದೃಢತೆಗೆ 'ನಿಲ್ಲು', ಪ್ರಗತಿಗೆ 'ಮುನ್ನಡೆ'. ಇವನ್ನೆಲ್ಲ ಭಾಷೆಯಿಂದ ಕಿತ್ತುಹಾಕಬೇಕೆಂದು ನಾವು ಹೇಳುತ್ತಿಲ್ಲ. ಅಂಥ ಶುದ್ಧೀಕರಣದಿಂದ ಭಾಷೆ ಬಡವಾಗುವುದೇ ಹೆಚ್ಚು. ಆದರೆ ಕುಳಿತೇ ದುಡಿದು, ಕುಳಿತೇ ವಾದಿಸಿ ಗೆದ್ದ ಒಬ್ಬರ ಮುಂದೆ, ಅವರು ನಿಂತಂತೆ ಕಲ್ಪಿಸಿಕೊಂಡರೆ ಮಾತ್ರ ನಮಗೆ ಹೊಗಳಲು ಬರುತ್ತದೆ ಎಂಬುದು ಯೋಚಿಸಬೇಕಾದ ಸಂಗತಿ. ಅದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಅವರು ಬರೆದ ಅರ್ಜಿಗಳ ಬಗ್ಗೆ, ಅವರ ವಾದದಿಂದ ಮಾಸಾಶನ ಪಡೆದ ಹೆಂಗಸರ ಬಗ್ಗೆ ಆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅವರ ಕೆಲಸವನ್ನು ಬಿಟ್ಟು ಅವರ ನಗುವನ್ನು ಹೊಗಳಿದ್ದೆವು.

ಪದಗಳ ವಿಚಾರ ಬಂದಾಗ ಸರ್ಕಾರದ ಪರಿಭಾಷೆಯನ್ನೂ ನೋಡಬೇಕು. 'ಅಂಗವಿಕಲ' ಎಂಬುದು ಒರಟಾಯಿತೆಂದು ನಮ್ಮ ರಾಜ್ಯದ ಆಡಳಿತ ಭಾಷೆ 'ವಿಕಲಚೇತನ' ಎಂಬ ಪದವನ್ನು ರೂಢಿಗೆ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಪದವನ್ನು ಬಿಡಿಸಿ ನೋಡಿದರೆ, ಅಂಗದಲ್ಲಿದ್ದ ಕೊರತೆಯನ್ನು ಅದು ಚೇತನಕ್ಕೆ ವರ್ಗಾಯಿಸಿದೆ. ಮನುಷ್ಯಾತ್ಮ ದೇವರ ಪ್ರತಿರೂಪವೆಂದು ಬೋಧಿಸುವ ನಾವು ಈ ಪದವನ್ನು ಧರ್ಮಪೀಠದಿಂದ ನಿರಾತಂಕವಾಗಿ ಉಚ್ಚರಿಸುತ್ತೇವೆ. ಕೇಂದ್ರ ಸರ್ಕಾರ ಮೆಚ್ಚಿದ 'ದಿವ್ಯಾಂಗ' ಇನ್ನೊಂದು ತುದಿಗೆ ಹೋಗುತ್ತದೆ. ದಿವ್ಯವಾದ ಅಂಗಕ್ಕೆ ಇಳಿಜಾರು ಯಾಕೆ ಬೇಕು? ಈ ಲೇಖನದಲ್ಲಿ ನಾವು ಹಳೆಯ 'ಅಂಗವಿಕಲ' ಪದವನ್ನೇ ಬಳಸಿದ್ದೇವೆ. ಸುಂದರವೆಂದಲ್ಲ, ಅದು ಆತ್ಮದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದಕ್ಕಾಗಿ.

ನಮ್ಮ ಸನ್ಮಾನಗಳು ಏನನ್ನು ಕಾಣದೆ ಹೋಗುತ್ತವೆ ಎಂಬುದಕ್ಕೆ ಈ ನಗರದ ಪೂರ್ವಭಾಗದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಲಿಂಗರಾಜಪುರದ ಹಚಿನ್ಸ್ ರಸ್ತೆಯಲ್ಲಿ, 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ' ಎಂಬ ಸಂಸ್ಥೆಯಿದೆ. ಜನರ ಬಾಯಲ್ಲಿ ಎಪಿಡಿ. ಇದನ್ನು 1959ರಲ್ಲಿ ಸ್ಥಾಪಿಸಿದವರು ಎನ್.ಎಸ್. ಹೇಮಾ, ಸ್ವತಃ ತೀವ್ರ ಅಂಗವೈಕಲ್ಯವಿದ್ದು ಗಾಲಿಕುರ್ಚಿ ಬಳಸುತ್ತಿದ್ದವರು. ಆ ವರ್ಷವನ್ನು ಗಮನಿಸಬೇಕು. ಅಂಗವಿಕಲರ ಅಂತರರಾಷ್ಟ್ರೀಯ ವರ್ಷ ಬಂದದ್ದು 1981ರಲ್ಲಿ. ನಮ್ಮ ದೇಶದ ಮೊದಲ ಸಮಗ್ರ ಅಂಗವಿಕಲರ ಕಾಯ್ದೆ 1995ರಲ್ಲಿ. 1959ರಲ್ಲಿ ಒಬ್ಬ ಹೆಣ್ಣುಮಗಳು ಗಾಲಿಕುರ್ಚಿಯಲ್ಲಿ ಕುಳಿತು ಸಂಸ್ಥೆ ಕಟ್ಟುತ್ತೇನೆಂದಾಗ ಅವರ ಹಿಂದೆ ಕಾನೂನಾಗಲಿ, ಮೀಸಲಾತಿಯಾಗಲಿ, ಆಚರಿಸುವ ದಿನವಾಗಲಿ ಇರಲಿಲ್ಲ.

ಸಂಸ್ಥೆಯ ಹೆಸರಿನಲ್ಲಿರುವ ವಿಭಕ್ತಿಯೂ ಗಮನಾರ್ಹ. ಮೊದಲು ಅದರ ಹೆಸರು 'ಅಸೋಸಿಯೇಷನ್ ಆಫ್ ದಿ ಫಿಸಿಕಲಿ ಹ್ಯಾಂಡಿಕ್ಯಾಪ್ಡ್' ಎಂದಿತ್ತು. ಕಾಲ ಬದಲಾದಂತೆ ಹಳೆಯ ಪದ ಹೋಗಿ ಹೊಸ ಪದ ಬಂದಿತು. ಆದರೆ 'ಆಫ್' ಹಾಗೆಯೇ ಉಳಿಯಿತು. ಕನ್ನಡದಲ್ಲಿ ಹೇಳುವುದಾದರೆ ಅದು ಅಂಗವಿಕಲರಿಗೋಸ್ಕರ ಇರುವ ಸಂಘವಲ್ಲ, ಅಂಗವಿಕಲರ ಸಂಘ; ಚತುರ್ಥಿಯಲ್ಲ, ಷಷ್ಠಿ. ನಮ್ಮ ಧರ್ಮಪ್ರಾಂತ್ಯಗಳ ಸೇವಾಸಂಸ್ಥೆಗಳು, ಧರ್ಮಭಗಿನಿಯರ ಆಶ್ರಮಗಳು ಬಹುಮಟ್ಟಿಗೆ ಚತುರ್ಥಿಯಲ್ಲಿ ನಡೆದಿವೆ. ಅವುಗಳ ಸೇವೆಯನ್ನು ಕಡಿಮೆ ಮಾಡಿ ಹೇಳುವ ಅಧಿಕಾರ ನಮಗಿಲ್ಲ. ಬೇರಾರೂ ಮುಟ್ಟದವರನ್ನು ಅವು ಮುಟ್ಟಿವೆ. ಆದರೂ ಷಷ್ಠಿಯಲ್ಲಿ ಯೋಚಿಸುವ ಒಂದು ಸಂಸ್ಥೆ ನಮ್ಮ ಚರ್ಚುಗಳ ನೆರೆಯಲ್ಲೇ ಆರು ದಶಕಗಳಿಂದ ಇರುವಾಗ, ಅದರಿಂದ ಏನನ್ನು ಕಲಿಯಬಹುದೆಂದು ನಮ್ಮ ಗುರುಮಠಗಳಲ್ಲಿ ಕೇಳಿಕೊಂಡದ್ದು ಅಪರೂಪ.

ಹೇಮಾ ಅವರ ಸಂಸ್ಥೆ ಮಾಡಿದ ಕೆಲಸದ ಸ್ವರೂಪ ನಮ್ಮನ್ನು ಹೆಚ್ಚು ಸೆಳೆಯುತ್ತದೆ, ಏಕೆಂದರೆ ಅದರಲ್ಲಿ ಸನ್ಮಾನಪತ್ರಕ್ಕೆ ಒಗ್ಗುವ ಬೆರಗು ಕಡಿಮೆ. ಲಿಂಗರಾಜಪುರದಲ್ಲಿ ಅಂಗವಿಕಲ ಮಕ್ಕಳೂ ಇತರ ಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಓದುವ ಶಾಲೆ; ಯುವಜನರಿಗೆ ಕೈಕಸುಬಿನ ತರಬೇತಿ; ಇಂದಿರಾನಗರದ ಮಗ್ಗುಲಿನ ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆ ತರಬೇತಿಯ ಕೇಂದ್ರ. ಆ ಕೇಂದ್ರದ ಸಸಿ ಮಾರಾಟಕ್ಕೆ ಹೋಗಿ ಮನೆಗೆ ಕುಂಡ ತಂದವರು ನಮ್ಮ ಭಕ್ತಾದಿಗಳಲ್ಲೂ ಎಷ್ಟೋ ಮಂದಿ ಇದ್ದಾರೆ. ತೋಟಗಾರಿಕೆಯೆಂದರೆ ಬಗ್ಗಬೇಕು, ಅಗೆಯಬೇಕು, ಮಣ್ಣು ಹೊರಬೇಕು. ಅಂಗವಿಕಲರ ಕೈಲಾಗದ ಕೆಲಸಗಳ ಪಟ್ಟಿ ಮಾಡಲು ಹೇಳಿದರೆ ನಾವು ಮೊದಲು ಬರೆಯುವುದು ಇದನ್ನೇ. ಕೂತವರ ಕೈಗೆ ಎಟುಕುವ ಎತ್ತರಕ್ಕೆ ಮಣ್ಣನ್ನು ತಂದರೆ ಆ ಪಟ್ಟಿ ಸುಳ್ಳಾಗುತ್ತದೆ. ಮನುಷ್ಯನನ್ನು ಎತ್ತಿ ವೇದಿಕೆಗೆ ಏರಿಸುವುದಕ್ಕೂ ಮಣ್ಣನ್ನು ಮನುಷ್ಯನ ಮಟ್ಟಕ್ಕೆ ತರುವುದಕ್ಕೂ ಇರುವ ಅಂತರವನ್ನು ಓದುಗರು ಗಮನಿಸಬೇಕೆಂದು ಕೋರುತ್ತೇವೆ.

ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರ ವಿಚಾರ ಬೇರೆ. ಅವರಿಗೆ ಪ್ರಶಸ್ತಿಗಳ ಕೊರತೆಯಿಲ್ಲ. 1958ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಪೋಲಿಯೊ ತಗುಲಿ, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಕಂಡ ಈ ಬೆಂಗಳೂರಿನ ಕ್ರೀಡಾಪಟು ಗಾಲಿಕುರ್ಚಿ ಓಟದಲ್ಲಿಯೂ ಗುಂಡು, ಚಕ್ರ, ಭರ್ಜಿ ಎಸೆತಗಳಲ್ಲಿಯೂ ದೇಶವಿದೇಶಗಳಲ್ಲಿ ಪದಕಗಳನ್ನು ಗೆದ್ದರು. ಸೋಲ್‌ನಿಂದ ಬೀಜಿಂಗ್‌ವರೆಗೆ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಇಷ್ಟೂ ಕಾಲ ಸಿಂಡಿಕೇಟ್ ಬ್ಯಾಂಕಿನ ನೌಕರಿ. ಗೆಳೆಯರೊಡನೆ ಮಾತೃ ಫೌಂಡೇಷನ್ ಸ್ಥಾಪಿಸಿ ಅಂಗವಿಕಲ ಮಕ್ಕಳಿಗೆ ನೆಲೆಯನ್ನೂ ಓದನ್ನೂ ಒದಗಿಸಿದರು. 2009ರಲ್ಲಿ ಅನಂತಕೃಷ್ಣನ್ ಎಂಬ ಪತ್ರಕರ್ತರು ಅವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದರ ಹೆಸರು 'ಎ ಡಿಫರೆಂಟ್ ಸ್ಪಿರಿಟ್'.

ಮಾಲತಿ ಹೊಳ್ಳರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹಗಳಲ್ಲಿ ನಮಗೆ ಒಂದು ಸಾಮಾನ್ಯ ಹೆಣಿಗೆ ಕಾಣುತ್ತದೆ: ಮೊದಲು ಕಾಯಿಲೆ, ಆಮೇಲೆ ಶಸ್ತ್ರಚಿಕಿತ್ಸೆಗಳ ಎಣಿಕೆ, ಆಮೇಲೆ ಪದಕಗಳ ಎಣಿಕೆ, ಕೊನೆಗೆ ಒಂದು ವಾಕ್ಯದಲ್ಲಿ ಮಕ್ಕಳ ಮನೆ. ಎಣಿಸಬಹುದಾದ ನೋವು ಮತ್ತು ಎಣಿಸಬಹುದಾದ ಗೆಲುವು ಸಮಸಮವಾಗಿ ತೂಗಿದಾಗ ಓದುಗನಿಗೆ ಸಮಾಧಾನವಾಗುತ್ತದೆ; ಅವನಿಂದ ಯಾರೂ ಏನನ್ನೂ ಕೇಳಿದಂತಾಗುವುದಿಲ್ಲ. ಆದರೆ ಮಕ್ಕಳ ಮನೆ ಅವನಿಂದ ಕೇಳುತ್ತದೆ. ಈ ಮಕ್ಕಳು ಯಾಕೆ ಇಲ್ಲಿಗೆ ಬರಬೇಕಾಯಿತು, ಅವರ ಊರಿನ ಶಾಲೆ ಏನು ಮಾಡುತ್ತಿತ್ತು ಎಂಬ ಪ್ರಶ್ನೆಗಳು ಅಲ್ಲಿಂದಲೇ ಏಳುತ್ತವೆ. ಪದಕಗಳನ್ನು ಗೆದ್ದ ತೋಳನ್ನು ಗೌರವಿಸಿ, ಪ್ರಶ್ನೆ ಕೇಳುವ ದನಿಯನ್ನು ಅಡಿಟಿಪ್ಪಣಿಗೆ ಇಳಿಸುವುದು ಸನ್ಮಾನದ ವ್ಯಾಕರಣವೇ ಆಗಿಬಿಟ್ಟಿದೆ. ವಾದಿಸುವ ಮಹಿಳೆಯನ್ನು ಅದು ಆದರ್ಶ ಮಹಿಳೆಯಾಗಿಸುತ್ತದೆ. ಆದರ್ಶವಾದ ಮೇಲೆ ವಾದಿಸುವುದು ಶೋಭಿಸುವುದಿಲ್ಲ.

ಈ ವ್ಯಾಕರಣವನ್ನು ದೈವಶಾಸ್ತ್ರದ ನೆಲೆಯಲ್ಲಿ ಎದುರಿಸಿದ ಗ್ರಂಥವೆಂದರೆ ನ್ಯಾನ್ಸಿ ಐಸ್‌ಲ್ಯಾಂಡ್ ಅವರ 'ದಿ ಡಿಸೇಬಲ್ಡ್ ಗಾಡ್' (1994). ಹುಟ್ಟಿನಿಂದಲೇ ಮೂಳೆಯ ತೊಂದರೆಯಿದ್ದು, ಊರುಗೋಲು ಮತ್ತು ಗಾಲಿಕುರ್ಚಿಗಳ ನೆರವಿನಿಂದ ಬದುಕಿದ ಈ ವಿದುಷಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದರು. 2009ರಲ್ಲಿ, ಇನ್ನೂ ನಲವತ್ತರ ಹರೆಯದಲ್ಲಿ, ತೀರಿಕೊಂಡರು. ಅಂಗವಿಕಲರನ್ನು ಕ್ರೈಸ್ತ ಪರಂಪರೆ ಮೂರು ಬಗೆಯಲ್ಲಿ ತಪ್ಪಾಗಿ ಕಂಡಿದೆಯೆಂದು ಅವರ ವಾದ: ಅಂಗವೈಕಲ್ಯವನ್ನು ಪಾಪದೊಡನೆ ಬೆಸೆದದ್ದು, ಅದನ್ನು ಪುಣ್ಯಕರ ಸಂಕಟವೆಂದು ವೈಭವೀಕರಿಸಿದ್ದು, ಬೇರೆ ಕೂರಿಸಿ ದಾನ ಮಾಡಿದ್ದು. ಮೊದಲನೆಯದನ್ನು ನಾವು ಬಿಟ್ಟಿದ್ದೇವೆಂದು ಹೇಳಿಕೊಳ್ಳಬಹುದು, ಜನಪದ ನಂಬಿಕೆಯಲ್ಲಿ ಅದು ಇನ್ನೂ ಗಟ್ಟಿಯಾಗಿಯೇ ಇದ್ದರೂ. ನಮ್ಮ ಸನ್ಮಾನಪತ್ರದ 'ಮುಗುಳುನಗೆಯಿಂದ ಶಿಲುಬೆ ಹೊತ್ತವರು' ಎರಡನೆಯದಕ್ಕೆ ಸೇರುತ್ತದೆ. ವೇದಿಕೆಯ ಹಣ್ಣಿನ ಬುಟ್ಟಿ ಮೂರನೆಯದಕ್ಕೆ.

ಐಸ್‌ಲ್ಯಾಂಡ್ ಅವರ ಮುಖ್ಯ ಪ್ರತಿಮೆ ಪ್ರಸಿದ್ಧವಾದುದು. ಪುನರುತ್ಥಾನರಾದ ಯೇಸು ಶಿಷ್ಯರಿಗೆ ತಮ್ಮ ಗಾಯಗೊಂಡ ಕೈಕಾಲುಗಳನ್ನು ತೋರಿಸುವ ಲೂಕನ ಕೊನೆಯ ಅಧ್ಯಾಯದಿಂದ ಹೊರಟು, ಮಹಿಮೆ ಹೊಂದಿದ ದೇಹವೂ ಊನಗಳಿಂದ ಕೂಡಿದೆ, ಆದ್ದರಿಂದ ದೇವರೇ ಅಂಗವಿಕಲ ಎಂಬಲ್ಲಿಗೆ ಅವರು ತಲುಪುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರ ನಡುವೆ ಅವರು ನಡೆಸುತ್ತಿದ್ದ ಬೈಬಲ್ ಅಧ್ಯಯನದ ಹಿನ್ನೆಲೆಯಲ್ಲಿ ಮೂಡಿದ ಚಿತ್ರವೊಂದು ಗ್ರಂಥದಲ್ಲಿದೆ: ಕೊಳವೆಯೊಳಗೆ ಉಸಿರನ್ನು ಎಳೆದು, ಊದಿ ನಡೆಸುವ ಗಾಲಿಕುರ್ಚಿಯಲ್ಲಿ ಕುಳಿತ ದೇವರು. ಪವಿತ್ರಾತ್ಮರನ್ನು ಉಸಿರೆಂದು ಕರೆಯುವ ಪರಂಪರೆ ನಮ್ಮದು. ಉಸಿರೊಂದರಿಂದಲೇ ಚಲಿಸುವ ಆ ಕುರ್ಚಿಯ ಚಿತ್ರದಲ್ಲಿ ಐಸ್‌ಲ್ಯಾಂಡ್ ಬಿಡಿಸಿ ಹೇಳಿದ್ದಕ್ಕಿಂತ ಹೆಚ್ಚಿನ ಅರ್ಥವಿದೆಯೆಂದು ನಮಗನ್ನಿಸುತ್ತದೆ.

ಆದರೂ ಗ್ರಂಥದ ವಾದವನ್ನು ಇಡಿಯಾಗಿ ಒಪ್ಪಲಾರೆವು. ಪುನರುತ್ಥಾನರ ಗಾಯಗಳ ಚಿಂತನೆ ಹೊಸತಲ್ಲ. ಹುತಾತ್ಮರ ದೇಹದ ಗುರುತುಗಳು ಸ್ವರ್ಗದಲ್ಲಿ ಕುಂದಾಗಿರದೆ ಗೌರವದ ಚಿಹ್ನೆಗಳಾಗಿ ಉಳಿಯುವುವೆಂದು ಸಂತ ಅಗಸ್ಟೀನರು 'ದೇವರ ನಗರ'ದ ಕೊನೆಯ ಸಂಪುಟದಲ್ಲಿ ಹೇಳಿದ್ದಾರೆ. ಸಂತ ತೋಮಾಸ್ ಅಕ್ವಿನಾಸರು ಕ್ರಿಸ್ತರ ಗಾಯಗಳ ಬಗ್ಗೆ ಅದೇ ಜಾಡಿನಲ್ಲಿ ಚಿಂತಿಸಿದ್ದಾರೆ. ಅಲ್ಲಿ ಗಾಯಕ್ಕೆ ಗೌರವ ಬರುವುದು ಅದು ಪ್ರೀತಿಗಾಗಿ, ಹಿಂಸೆಯ ಎದುರು ಪಡೆದ ಗಾಯವೆಂಬ ಕಾರಣದಿಂದ. ಪೋಲಿಯೊ ಶಿಲುಬೆಯಲ್ಲ. ಅದು ಒಂದು ವೈರಾಣು. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮ ದೇಶ ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು. ಬಾಯಿಗೆ ಹಾಕುವ ಎರಡು ಹನಿಗಳಿಗಾಗಿ ನಾವು ದೇವರಿಗೆ ಸ್ತೋತ್ರ ಸಲ್ಲಿಸುತ್ತೇವೆ. ಮಾಲತಿ ಹೊಳ್ಳರ ಬಾಲ್ಯದ ರೋಗ ಇನ್ನೊಂದು ಮಗುವಿಗೆ ಬಾರದಿರಲಿ ಎಂದು ಹಾರೈಸುವುದರಿಂದ ಅವರ ಘನತೆಗೆ ಕುಂದಿಲ್ಲ. ಊನವನ್ನು ನೇರವಾಗಿ ದೇವರ ಸ್ವರೂಪದಲ್ಲಿಯೇ ಇರಿಸಿದರೆ ಈ ಸ್ತೋತ್ರವನ್ನು ಹೇಳುವುದು ಕಷ್ಟವಾಗುತ್ತದೆ. ಪ್ರತಿಮೆಯ ಬಲದಲ್ಲಿ ಐಸ್‌ಲ್ಯಾಂಡ್ ಇಲ್ಲಿ ಒಂದು ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗಿದ್ದಾರೆ. ('ಹೆಜ್ಜೆ' ಎಂಬ ಪದ ಮತ್ತೆ ನುಸುಳಿತು. ಇರಲಿ.)

ನಮಗೆ ಹೆಚ್ಚು ನಾಟುವುದು ಅವರ ಗ್ರಂಥದ ಇನ್ನೊಂದು ಭಾಗ, ಪರಮಪ್ರಸಾದವನ್ನು ಕುರಿತದ್ದು. ಚರ್ಚಿಗೆ ಹೋದಾಗ ಅವರು ಎದ್ದು ಮುಂದಕ್ಕೆ ಬರಬೇಕಾಗಿಲ್ಲ, ಎಲ್ಲರಿಗೂ ಕೊಟ್ಟಾದ ಮೇಲೆ ಅವರಿದ್ದಲ್ಲಿಗೇ ಪ್ರಸಾದ ತರಲಾಗುವುದು ಎಂದು ಹೇಳಲಾಗುತ್ತಿತ್ತು. ಅನುಕೂಲಕ್ಕೆಂದು ಮಾಡಿದ ಈ ಏರ್ಪಾಟಿನಿಂದ ಒಂದೇ ದೇಹವಾಗುವ ಸಂಸ್ಕಾರ ಅವರ ಪಾಲಿಗೆ ಬೇರ್ಪಡುವ ಸಂಸ್ಕಾರವಾಯಿತು. ಇದನ್ನು ಓದುವಾಗ ನಾವೇ ಎಷ್ಟು ಭಾನುವಾರಗಳಂದು, ಎಷ್ಟು ಕರುಣೆಯಿಂದ, ಕೊನೆಯಲ್ಲಿ ಪಾತ್ರೆ ಹಿಡಿದು ಹಿಂದಿನ ಬಾಗಿಲ ಬಳಿಯ ಕುರ್ಚಿಯತ್ತ ನಡೆದಿದ್ದೇವೆಂದು ನೆನಪಾಯಿತು.

ಪವಿತ್ರಗ್ರಂಥದಲ್ಲಿ ಗೌರವದ ಅರ್ಥವೇನು? ಮಾರ್ಕನ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ನಾಲ್ವರ ವಿಶ್ವಾಸವನ್ನು ನಮ್ಮ ಪ್ರಬೋಧನೆಗಳು ತಪ್ಪದೆ ಕೊಂಡಾಡುತ್ತವೆ. ನಮ್ಮ ವೇದಿಕೆಯ ನಾಲ್ವರು ಯುವಕರಿಗೂ ಅಂದು ಅದೇ ಹೋಲಿಕೆಯನ್ನು ನೀಡಿದೆವು. ಆದರೆ ಆ ಕಥೆಯಲ್ಲಿ ನಾಲ್ವರು ಮಾಡಿದ ಮುಖ್ಯ ಕೆಲಸ ಹೊತ್ತದ್ದಲ್ಲ, ಕಟ್ಟಡವನ್ನು ಒಡೆದದ್ದು. ಛಾವಣಿಯನ್ನು ಅಗೆದು ತೆಗೆದರೆಂದು ಸುವಾರ್ತಾಕಾರನು ಬಿಡಿಸಿಯೇ ಬರೆಯುತ್ತಾನೆ. ಮನೆಯ ಯಜಮಾನನ ಆಕ್ಷೇಪದ ಸುಳಿವು ಅಲ್ಲಿಲ್ಲ, ಮಣ್ಣು ಉದುರಿದ್ದಕ್ಕೆ ಯೇಸು ಬೇಸರಪಟ್ಟುದೂ ಇಲ್ಲ.

ಲೂಕನ 13ನೆಯ ಅಧ್ಯಾಯದ ಗೂನುಬೆನ್ನಿನ ಸ್ತ್ರೀಯ ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಆಕೆ ಹದಿನೆಂಟು ವರ್ಷ ನೆಟ್ಟಗೆ ನಿಲ್ಲಲಾಗದವಳು, ಮತ್ತು ಪ್ರಾರ್ಥನಾಮಂದಿರದಲ್ಲೇ ಇದ್ದವಳು. ಯೇಸು ಆಕೆಯನ್ನು ಬಳಿಗೆ ಕರೆದು ಗುಣಪಡಿಸುತ್ತಾರೆ. ಮಂದಿರದ ಅಧಿಕಾರಿ ಸಿಡಿಮಿಡಿಗೊಂಡು, ಗುಣವಾಗಬೇಕಾದವರು ವಾರದ ಉಳಿದ ಆರು ದಿನ ಬರಲಿ ಎಂದು ಜನರಿಗೆ ಹೇಳುತ್ತಾನೆ. ಆಗ ಯೇಸು ಆಕೆಯನ್ನು ಅಬ್ರಹಾಮನ ಮಗಳೆಂದು ಕರೆಯುತ್ತಾರೆ. ಗುಣವಾದ ಮೇಲೆ ದೊರೆತ ಬಿರುದಲ್ಲ ಅದು. ಕಟ್ಟಿಗೊಳಗಾಗಿದ್ದ ಹದಿನೆಂಟು ವರ್ಷಗಳೂ ಆಕೆ ಅಬ್ರಹಾಮನ ಮಗಳೇ ಆಗಿದ್ದಳೆಂಬುದು ಆ ವಾದದ ಆಧಾರ. ಆಕೆಯ ಸಹನೆಯ ಬಗ್ಗೆ ಯೇಸು ಒಂದು ಮಾತನ್ನೂ ಆಡುವುದಿಲ್ಲ. ಆಕೆಗೆ ಸಲ್ಲಬೇಕಾದ ಸ್ಥಾನವನ್ನು ಅಧಿಕಾರಿಯ ಎದುರು ವಾದಿಸಿ ಸ್ಥಾಪಿಸುತ್ತಾರೆ. ಗುಣವಾಗದೆ ಉಳಿಯುವ ಮಹಿಳೆಗೆ ಈ ಪ್ರಸಂಗ ಏನು ಹೇಳುತ್ತದೆಂದು ಅಂಗವೈಕಲ್ಯದ ಕುರಿತು ಬರೆಯುವ ದೈವಶಾಸ್ತ್ರಜ್ಞರು ಕೇಳುವುದು ನ್ಯಾಯವೇ. ಅವಳ ಹೆಸರಿಗೆ ಹಕ್ಕಿದೆ ಎನ್ನುತ್ತದೆ ಎಂಬುದು ನಮ್ಮ ಉತ್ತರ. ಅದು ಪೂರ್ಣ ಉತ್ತರವೆಂದು ನಾವು ವಾದಿಸುವುದಿಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ದುರ್ಬಲವಾಗಿ ತೋರುವ ಅಂಗಗಳ ಬಗ್ಗೆ ಬರೆಯುವಾಗ 'ತೋರುವ' ಎಂಬ ಮಾತನ್ನು ಎಚ್ಚರದಿಂದ ಇಟ್ಟಿದ್ದಾರೆ. ಅಂಥ ಅಂಗಗಳು ಅಲಂಕಾರಕ್ಕಲ್ಲ, ಅವಿಲ್ಲದೆ ದೇಹವೇ ನಡೆಯದು ಎಂಬುದು ಅವರ ವಾದ. ಅಲ್ಲಿ ಬರುವ ಗೌರವಕ್ಕೆ ಗ್ರೀಕಿನಲ್ಲಿ 'ತಿಮೇ' ಎಂಬ ಪದವಿದೆ. ಅದಕ್ಕೆ ಬೆಲೆ ಎಂಬ ಅರ್ಥವೂ ಉಂಟು. ಶಾಲಿನ ಬೆಲೆಯಲ್ಲ, ನಾವು ತೆರಬೇಕಾದ ಬೆಲೆ.

ಬೆಲೆಯ ಮಾತು ನಮ್ಮನ್ನು ಧರ್ಮಸಭೆಯ ಕಾನೂನಿಗೆ ತರುತ್ತದೆ. ಯಾಜಕ ಕಾಂಡದ 21ನೆಯ ಅಧ್ಯಾಯ, ಊನವಿರುವ ಆರೋನನ ವಂಶಜನು ಬಲಿಪೀಠದ ಬಳಿಗೆ ಬರಬಾರದೆನ್ನುತ್ತದೆ; ಆದರೆ ಪವಿತ್ರ ಆಹಾರವನ್ನು ಅವನು ತಿನ್ನಬಹುದು. ಐಸ್‌ಲ್ಯಾಂಡ್ ಅವರಿಗೆ ಇದ್ದಲ್ಲಿಗೇ ತಂದುಕೊಟ್ಟ ಪ್ರಸಾದ ಇದರ ಪಡಿಯಚ್ಚಿನಂತಿದೆ. ಈ ನಿಷೇಧದ ನೆರಳು ನಮ್ಮ 1917ರ ಕಾನೂನು ಸಂಹಿತೆಯ 984ನೆಯ ವಿಧಿಯವರೆಗೂ ಚಾಚಿತ್ತು. ದೌರ್ಬಲ್ಯದಿಂದಾಗಿ ಸುರಕ್ಷಿತವಾಗಿಯಾಗಲಿ, ವಿರೂಪದಿಂದಾಗಿ ಶೋಭಾಯಮಾನವಾಗಿಯಾಗಲಿ ಪೂಜಾಸೇವೆ ಮಾಡಲಾಗದವರನ್ನು ಅದು ಯಾಜಕದೀಕ್ಷೆಯಿಂದ ದೂರವಿಟ್ಟಿತ್ತು. 1983ರ ಸಂಹಿತೆ ಆ ವಿಧಿಯನ್ನು ಕೈಬಿಟ್ಟಿತು. ಮುಂದೆ, 2021ರ ಜನವರಿ 10ರ ದಿನಾಂಕದ 'ಸ್ಪಿರಿತುಸ್ ದೋಮಿನಿ' ಎಂಬ ಪತ್ರದ ಮೂಲಕ ಪೋಪ್ ಫ್ರಾನ್ಸಿಸ್‌ರವರು 230ನೆಯ ವಿಧಿಯನ್ನು ತಿದ್ದಿ, ವಾಚಕ ಹಾಗೂ ಪೀಠಸೇವಕ ಪದವಿಗಳನ್ನು ಮಹಿಳೆಯರಿಗೂ ತೆರೆದರು. ಹೀಗೆ ಗಾಲಿಕುರ್ಚಿ ಬಳಸುವ ಮಹಿಳೆ ದೇವರ ವಾಕ್ಯವನ್ನು ಸಾರುವ ವಾಚಕಿಯಾಗಿ ವಿಧ್ಯುಕ್ತವಾಗಿ ನೇಮಕಗೊಳ್ಳಲು ಕಾನೂನಿನ ಅಡ್ಡಿ ಇಂದು ಯಾವುದೂ ಇಲ್ಲ. ವಾಚನಪೀಠಕ್ಕೆ ಮೂರು ಮೆಟ್ಟಿಲುಗಳಿವೆ, ಅಷ್ಟೇ. ಯಾಜಕ ಕಾಂಡವನ್ನು ರೋಮ್ ಕೈಬಿಟ್ಟರೂ ನಮ್ಮ ಗಾರೆಯ ಮೇಸ್ತ್ರಿ ಕೈಬಿಟ್ಟಿಲ್ಲ.

ಆ ಮೆಟ್ಟಿಲುಗಳಾದರೂ ಪೂಜಾವಿಧಿಯ ಅಗತ್ಯವೇ? ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 295ನೆಯ ಅಂಶದ ಪ್ರಕಾರ ಬಲಿಪೀಠದ ಆವರಣವನ್ನು ಸ್ವಲ್ಪ ಎತ್ತರಿಸಿಯಾದರೂ, ಇಲ್ಲವೆ ವಿಶೇಷ ರಚನೆ ಮತ್ತು ಅಲಂಕಾರದಿಂದಾದರೂ ಗುರುತಿಸಬಹುದು. ಎತ್ತರ ಒಂದು ಆಯ್ಕೆ, ಕಟ್ಟಳೆಯಲ್ಲ. ವಾಚನಪೀಠ ಸ್ಥಿರವಾಗಿರಬೇಕು, ಓದುವವರು ಎಲ್ಲರಿಗೂ ಕಾಣಬೇಕು, ಕೇಳಬೇಕು ಎನ್ನುತ್ತದೆ 309ನೆಯ ಅಂಶ.

ನಾಗರಿಕ ಕಾನೂನು ನಮಗಿಂತ ಮುಂದಿದೆ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಸಾರ್ವಜನಿಕ ಸ್ಥಳಗಳಿಗೆ ಸಂಬಂಧಿಸಿದ ಭಾಗದಿಂದ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ನೀಡಿತು. ಐಸ್‌ಲ್ಯಾಂಡ್ ಬರೆದದ್ದು ಆ ವಿನಾಯಿತಿಯ ನೆರಳಿನಲ್ಲಿ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಾದರೋ 'ಸಾರ್ವಜನಿಕ ಕಟ್ಟಡ'ದ ವ್ಯಾಖ್ಯೆಯಲ್ಲಿ ಧಾರ್ಮಿಕ ಬಳಕೆಯ ಕಟ್ಟಡಗಳನ್ನು ಹೆಸರಿಸಿಯೇ ಸೇರಿಸಿದೆ. ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಮಾತನಾಡುವಾಗ ಸಂವಿಧಾನವನ್ನು ಕೈಯಲ್ಲಿ ಹಿಡಿಯುವ ನಾವು ಈ ಕಾಯ್ದೆಯನ್ನು ಮಾತ್ರ ಗಮನಕ್ಕೆ ತಂದುಕೊಂಡಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆ‌ಗೆ ಮೆಟ್ರೊ ಓಡತೊಡಗಿದಾಗ ಇಂದಿರಾನಗರ, ಹಲಸೂರು ನಿಲ್ದಾಣಗಳಿಗೆ ಲಿಫ್ಟುಗಳಿದ್ದವು. 2023ರಲ್ಲಿ ಕೃಷ್ಣರಾಜಪುರವೂ ಆ ಮಾರ್ಗಕ್ಕೆ ಸೇರಿತು. ನೆಲದಿಂದ ಎರಡು ಮಹಡಿ ಎತ್ತರಕ್ಕೆ ಗಾಲಿಕುರ್ಚಿಯನ್ನು ಏರಿಸಲು ರೈಲಿನವರಿಗೆ ಸಾಧ್ಯವಾಗಿದೆ. ನಮ್ಮದು ಒಂದೂವರೆ ಅಡಿ.

ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ ಎಂಬುದು ಇಳಿಜಾರಿನ ಅಂಗೀಕೃತ ಲೆಕ್ಕ. ಆರಾರು ಅಂಗುಲದ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ನಾವು ಸೇವೆ ಸಲ್ಲಿಸುವ ಚರ್ಚಿನಲ್ಲಿ ಅಳೆದು ನೋಡಿದೆವು: ಪಕ್ಕದ ಬಾಗಿಲ ಕಡೆ ಗೋಡೆಗುಂಟ ಹದಿನೆಂಟು ಅಡಿ ಸಿಗುತ್ತದೆ, ಮುಂದಿನ ಎರಡು ಬೆಂಚುಗಳನ್ನು ತೆಗೆದರೆ. ಆ ಬೆಂಚುಗಳ ಮೇಲೆ ದಾನಿಗಳ ಹೆಸರುಗಳಿವೆ. ಪಾಲನಾ ಪರಿಷತ್ತಿನಲ್ಲಿ ವಿಷಯ ಮಂಡಿಸಿದಾಗ ಹಳೆಯ ಕಟ್ಟಡದ ಅಂದ ಕೆಡುವುದೆಂದು ಒಬ್ಬರು, ಗಾಲಿಕುರ್ಚಿಯಲ್ಲಿ ಬರುವವರು ಎಷ್ಟು ಜನ ಇದ್ದಾರೆಂದು ಇನ್ನೊಬ್ಬರು ಕೇಳಿದರು. ಎರಡನೆಯ ಪ್ರಶ್ನೆಗೆ ನಮ್ಮ ಬಳಿ ಇದ್ದದ್ದು ಮರುಪ್ರಶ್ನೆ ಮಾತ್ರ: ಬರಲಾಗದವರನ್ನು ಯಾರು ಎಣಿಸಿದ್ದಾರೆ? ಹಿರಿಯ ತಾಯಿಯೊಬ್ಬರು ಎದ್ದು, ತಮ್ಮ ಮಂಡಿನೋವಿಗೂ ಅದು ಆದೀತು ಎಂದದ್ದು ಯಾವ ದೈವಶಾಸ್ತ್ರದ ವಾದಕ್ಕಿಂತಲೂ ಹೆಚ್ಚು ಫಲ ಕೊಟ್ಟಿತು. ನಕ್ಷೆ ಈಗ ಸಿದ್ಧವಾಗಿದೆ. ಶೌಚಾಲಯದ ಬಾಗಿಲನ್ನು ಅಗಲಿಸುವ ಕೆಲಸ ಮುಗಿದಿದೆ.

ಕೃಷ್ಣರಾಜಪುರದ ಆ ಮಹಿಳೆಗೆ ಫೋನು ಮಾಡಿ, ಇಳಿಜಾರು ಆದ ಮೇಲಿನ ಮೊದಲ ಭಾನುವಾರ ವಾಚನ ಓದುವಿರಾ ಎಂದು ವಿನಂತಿಸಿದೆವು. ಸನ್ಮಾನ ಇರುವುದಿಲ್ಲ ತಾನೆ ಎಂದು ಮೊದಲು ಖಚಿತಪಡಿಸಿಕೊಂಡರು. ಆಮೇಲೆ ಕೇಳಿದ್ದು ಎರಡೇ: ಮೊದಲ ವಾಚನವೋ ಎರಡನೆಯದೋ, ಮತ್ತು ಮೈಕನ್ನು ತಗ್ಗಿಸಲು ಬರುತ್ತದೆಯೋ.